ಅಂಗಡಿ ಖಾಲಿ ಮಾಡಲು 15 ದಿನ ಸಾಕೇ?

ಸಂಪಾದಕರೇ,

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಮಾಲೀಕರಿಂದ ‘ಖಾಲಿ ಮಾಡಿ’ ಎಂಬ ನೋಟಿಸ್ ಬಂದರೆ, ವಕೀಲರ ಫೀಸಿಗೆ ಹೆದರುವವರು ಅದನ್ನು ಮೊದಲು ತಂದು ತೋರಿಸುವುದು ನಮ್ಮಂಥವರಿಗೇ.

ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಯ ಅಂಗಡಿಗೆ 15 ದಿನದ ನೋಟಿಸ್ ಸಾಕು. ಅದೇ ಸೆಕ್ಷನ್ ಕಾರ್ಖಾನೆಗೆ ಆರು ತಿಂಗಳು ಕೊಡುತ್ತದೆ. ಯಂತ್ರ ಕಿತ್ತು ಸಾಗಿಸುವುದು ಕಷ್ಟ, ಒಪ್ಪೋಣ. ಅಂಗಡಿಯವನಿಗೆ ಮಾತ್ರ ಎಲ್ಲ ಸಲೀಸಾ? ಬೇರೆ ಮಳಿಗೆ ಹುಡುಕಬೇಕು. ಅದಕ್ಕೆ ಅಡ್ವಾನ್ಸ್ ಈಗಲೇ ಬೇಕು, ಹಳೇ ಅಡ್ವಾನ್ಸ್ ವಾಪಸ್ ಬರುವುದು ಬೀಗದ ಕೈ ಕೊಟ್ಟ ಮೇಲೆ, ಅದೂ ಬಣ್ಣ, ರಿಪೇರಿ ಅಂತ ಕಳೆದು. ಗೋಡೆಗೆ ಹೊಡೆಸಿದ ರ್‍ಯಾಕು ಹೊಸ ಗೋಡೆಗೆ ಕೂರುವುದಿಲ್ಲ. ಜಿಎಸ್‌ಟಿ ವಿಳಾಸ, ಟ್ರೇಡ್ ಲೈಸೆನ್ಸ್, ಬೋರ್ಡು, ಬಿಲ್ ಬುಕ್ಕು ಎಲ್ಲ ಬದಲಾಗಬೇಕು. ಇಷ್ಟರ ನಡುವೆ ಸಾಲದ ಮೇಲೆ ತಂದ ಸರಕು ಹಾಗೇ ಕೂತಿರುತ್ತದೆ.

ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂದು ನಂಬಿದವರೂ ಇದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡ ಅಂಗಡಿಗೆ ಅನ್ವಯಿಸುವುದೇ ಇಲ್ಲ.

ಇನ್ನೊಂದು ನಂಬಿಕೆ, ಪೋಸ್ಟ್‌ಮ್ಯಾನ್ ಬಂದಾಗ ಸಹಿ ಹಾಕದಿದ್ದರೆ ನೋಟಿಸ್ ಬಂದಂತಲ್ಲ ಎಂಬುದು. ಲಕೋಟೆಯ ಮೇಲೆ ‘ನಿರಾಕರಿಸಿದ್ದಾರೆ’ ಎಂದು ಬರೆದು ಆತ ವಾಪಸ್ ಕಳಿಸುತ್ತಾನೆ. ವಿಳಾಸ ಸರಿಯಿದ್ದರೆ ಕೋರ್ಟು ಅದನ್ನು ತಲುಪಿದ ಹಾಗೇ ಎಣಿಸುತ್ತದೆ. ಅಂಗಡಿಯವನಿಗೆ ನಷ್ಟ ಏನೆಂದರೆ, ಒಳಗೆ ಏನು ಬರೆದಿತ್ತು ಎಂಬುದೇ ಗೊತ್ತಾಗಲಿಲ್ಲ!

ಕೆಲವು ಮಾಲೀಕರದು ಬೇರೆಯೇ ದಾರಿ. ಒಂದು ವಾಟ್ಸ್ಆ್ಯಪ್ ಮೆಸೇಜು, ಆಮೇಲೆ ಕರೆಂಟ್ ಕಟ್, ಕೊನೆಗೆ ನಮ್ಮ ಬೀಗದ ಮೇಲೆ ಅವರದೊಂದು ಬೀಗ. ನೋಟಿಸಿನ ಗಡುವು ಮುಗಿದರೂ ಬಲವಂತವಾಗಿ ಹೊರಗೆ ಹಾಕುವ ಅಧಿಕಾರ ಅವರಿಗಿಲ್ಲ, ಕೋರ್ಟಿಗೇ ಹೋಗಬೇಕು. ಹಾಗೆ ಹೊರಗೆ ಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಇದನ್ನು ತಿಳಿದ ಅಂಗಡಿಯವರು ಬಹಳ ಕಡಿಮೆ.

‘ಕೇಸು ಹಾಕಿದರೆ ವರ್ಷಗಟ್ಟಲೆ ಎಳೆಯುತ್ತಾರೆ, 15 ದಿನ ಯಾವ ಲೆಕ್ಕ?’ ಎಂದು ಮಾಲೀಕರು ಕೇಳುತ್ತಾರೆ. ಸುಳ್ಳೇನಲ್ಲ. ಬಾಡಿಗೆ ಕಟ್ಟದೆ ಕೂತವರ ಪರವಾಗಿ ನಾನೂ ಮಾತಾಡುವುದಿಲ್ಲ. ಆದರೆ ಎಳೆಯುವ ತಾಕತ್ತು ಇರುವುದು ದುಡ್ಡಿದ್ದವರಿಗೆ. ಬಾಡಿಗೆ ಸರಿಯಾಗಿ ಕಟ್ಟುತ್ತಾ ಬಂದ ಸಣ್ಣವನು ಆ ಕಾಗದ ನೋಡಿದ ಕೂಡಲೇ ಸರಕನ್ನು ಅರ್ಧ ಬೆಲೆಗೆ ಮಾರಿ ಹೊರಡುತ್ತಾನೆ.

ನೋಟಿಸಿನ ಆ 106ನೇ ಸೆಕ್ಷನ್ನನ್ನು ರಾಜ್ಯಗಳು ತಿದ್ದಬಹುದು. ಉತ್ತರ ಪ್ರದೇಶ 1954ರಲ್ಲೇ 15 ದಿನವನ್ನು 30 ಮಾಡಿಕೊಂಡಿತ್ತು. ನಮ್ಮ ಸರ್ಕಾರ, ಬಾಡಿಗೆ ಬಾಕಿ ಇಲ್ಲದ ಅಂಗಡಿಗಳಿಗಾದರೂ ಮೂರು ತಿಂಗಳು ಮಾಡಲಿ. ಅಲ್ಲಿಯವರೆಗೆ ಕಾಯಬೇಕಿಲ್ಲ. ಕರಾರು ಹೊಸದು ಮಾಡಿಸುವಾಗ ‘ಮೂರು ತಿಂಗಳ ಲಿಖಿತ ನೋಟಿಸ್’ ಎಂಬ ಒಂದು ಸಾಲು ಸೇರಿಸಿ ಎಂದು ಅಂಗಡಿಯವರು ಈಗಲೇ ಕೇಳಬಹುದು. ಅಡ್ವಾನ್ಸ್ ಕೊಡುವ ಮೊದಲೇ ಕೇಳಬೇಕು, ಕೊಟ್ಟ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

— ಒಬ್ಬ ಓದುಗ