ಅರಬ್ಬಿ ಪುಟಗಳಲ್ಲಿ ವಸಡಿನ ಕಾಯಿಲೆ

ಮಾನ್ಯ ಸಂಪಾದಕರೇ,

ಇಪ್ಪತ್ತಕ್ಕೂ ಹೆಚ್ಚು ದೇಶಗಳ ಅಧಿಕೃತ ಭಾಷೆಯಾದ ಅರಬ್ಬಿಯಲ್ಲಿ ವಸಡಿನ ಕಾಯಿಲೆಯ ಕುರಿತ ಅಂತರಜಾಲ ಬರಹಗಳಿಗೆ ಕೊರತೆಯಿಲ್ಲ. ಆದರೆ ಬರೆದವರು ಯಾರು, ಆಧಾರವೇನು, ಪ್ರಕಟವಾದದ್ದು ಯಾವಾಗ, ಹಣ ಒದಗಿಸಿದವರು ಯಾರು ಎಂಬ, ಅಮೆರಿಕದ ವೈದ್ಯಕೀಯ ನಿಯತಕಾಲಿಕ ‘ಜಾಮಾ’ 1997ರಲ್ಲೇ ಮುಂದಿಟ್ಟ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸದ ಪುಟವನ್ನು ನಂಬುವುದು ಹೇಗೆ?

ಇಲ್ಲಿ ಪದಗಳ ತೊಡಕೂ ಇದೆ. ಜನ ಹುಡುಕುವುದು ‘ಇಲ್ತಿಹಾಬ್ ಅಲ್‌ಲಿಸಾ’, ಅಂದರೆ ವಸಡಿನ ಉರಿಯೂತ ಎಂದು. ಹಲ್ಲನ್ನು ಹಿಡಿದಿಡುವ ಮೂಳೆಯನ್ನೇ ಕರಗಿಸುವ ಮುಂದಿನ ಹಂತಕ್ಕೆ ದಂತವೈದ್ಯರು ಬಳಸುವುದು ‘ದವಾಇಮ್’ (ಆಧಾರಗಳು) ಎಂಬ ಪದವುಳ್ಳ ಬೇರೆಯೇ ಹೆಸರು. ಮೊದಲನೆಯದು ಸರಿಯಾದ ಶುಚಿತ್ವದಿಂದ ವಾಸಿಯಾಗುತ್ತದೆ, ಎರಡನೆಯದರಲ್ಲಿ ಕಳೆದುಕೊಂಡ ಮೂಳೆ ತಾನಾಗಿ ಮರಳುವುದಿಲ್ಲ. ಈ ವ್ಯತ್ಯಾಸವನ್ನು ಹೇಳದೆ ಉಪ್ಪುನೀರು, ಲವಂಗದೆಣ್ಣೆಗಳನ್ನಷ್ಟೇ ಸೂಚಿಸುವ ಬರಹ ಓದುಗನ ಅಮೂಲ್ಯ ಸಮಯವನ್ನು ಹಾಳುಮಾಡುತ್ತದೆ. ಹಲ್ಲುಜ್ಜಲು ಬಳಸುವ ಮಿಸ್ವಾಕ್ ಕಡ್ಡಿಯ ಬಗ್ಗೆ ನನಗೆ ಗೌರವವಿದೆ; ಅದು ಹಲ್ಲಿನ ಮೇಲಿನ ಮೆತ್ತನೆಯ ಪಾಚಿಯನ್ನು ತೆಗೆಯಬಲ್ಲದು, ವಸಡಿನಡಿ ಗಟ್ಟಿಯಾದ ಕಿಟ್ಟವನ್ನಲ್ಲ.

ಧೂಮಪಾನಿಗಳಲ್ಲಿ ರಕ್ತಸ್ರಾವ ಕಡಿಮೆ ಕಾಣುವುದರಿಂದ ಕಾಯಿಲೆ ಮರೆಯಾಗಿಯೇ ಬೆಳೆಯಬಹುದು, ಮಧುಮೇಹ ಅದನ್ನು ಉಲ್ಬಣಿಸುತ್ತದೆ ಎಂಬುದನ್ನೂ ಇಂಥ ಪುಟಗಳು ತಿಳಿಸಬೇಕು. ಅರಬ್ ದೇಶಗಳ ದಂತವೈದ್ಯ ಕಾಲೇಜುಗಳು ಲೇಖಕರ ಹೆಸರು, ಪರಿಷ್ಕರಣೆಯ ದಿನಾಂಕಗಳೊಡನೆ ಸರಳ ಅರಬ್ಬಿಯಲ್ಲಿ ತಾವೇ ಬರೆದು ಪ್ರಕಟಿಸಲಿ.

– ಓರ್ವ ಓದುಗ