ಜಾತ್ರೆ ಮುಗಿದ ಮೇಲೂ ರೊಟ್ಟಿ ಬೇಕು

ಮಾನ್ಯ ಸಂಪಾದಕರೇ,

ಗವಿಮಠದ ಜಾತ್ರೆಗೆ ರೊಟ್ಟಿ ಹೇರಿದ ಟ್ರ್ಯಾಕ್ಟರುಗಳು ಹಳ್ಳಿಹಳ್ಳಿಯಿಂದ ಬರುವ ವೈಭವವನ್ನು ಕೊಪ್ಪಳದವರಿಗೆ ಬಣ್ಣಿಸಬೇಕಿಲ್ಲ. ಓಣಿಗೆ ಓಣಿಯೇ ಕೂತು ರೊಟ್ಟಿ ಬಡಿಯುತ್ತದೆ. ಕಾಳುಕಡಿ, ಬೆಲ್ಲ, ಮಾದಲಿ ಎಲ್ಲವೂ ದಾಸೋಹಕ್ಕೆ ಸೇರುತ್ತವೆ. ನಮ್ಮ ಮಂದಿಗೆ ಕೊಡುವ ಮನಸ್ಸಿಲ್ಲವೆಂದು ಯಾರೂ ಅನ್ನಲಾರರು. ನನ್ನ ತಕರಾರು ಬೇರೆ. ಜಾತ್ರೆ, ಅಮಾವಾಸ್ಯೆ, ಹುಟ್ಟುಹಬ್ಬ ಬಿಟ್ಟರೆ ಉಳಿದ ದಿನ ಆ ಕೈ ಮುಂದೆ ಬರುವುದಿಲ್ಲ.

ನಾನು ರೊಟ್ಟಿ ಕೇಂದ್ರ ನಡೆಸುವವಳು. ಬಸ್ ನಿಲ್ದಾಣ, ಆಸ್ಪತ್ರೆ ಬಳಿ ಮಲಗುವವರಿಗೆ ರಾತ್ರಿ ಊಟ ಹಂಚುವ ಸಣ್ಣ ಸಂಘದವರು ನಮ್ಮಲ್ಲಿ ರೊಟ್ಟಿ ಒಯ್ಯುತ್ತಾರೆ. ಅಮಾವಾಸ್ಯೆ ಬಂತೆಂದರೆ ಅವರಿಗೆ ಒಂದೇ ದಿನ ಮೂರು ಕಡೆಯಿಂದ ಪಲಾವ್, ಶಿರಾ. ಮರುದಿನ ಏನೂ ಇಲ್ಲ. ಮದುವೆ ಮಂಟಪದವರು ಮಧ್ಯಾಹ್ನ ಉಳಿದದ್ದನ್ನು ಸಂಜೆ ಕಳಿಸುತ್ತಾರೆ. ನಮ್ಮ ಬೇಸಿಗೆಗೆ ಅದು ರಾತ್ರಿಯೊಳಗೆ ಹಳಸಿರುತ್ತದೆ. ಚೆಲ್ಲುವ ಕೆಲಸವೂ ಸಂಘದವರದೇ. ಬಾಳೆಹಣ್ಣು ಕೊಡುವಾಗ ಫೋಟೊಗೆ ನಿಲ್ಲಿಸುವವರ ಬಗ್ಗೆ ಬರೆಯಹೋದರೆ ಈ ಪತ್ರ ನಿಮ್ಮ ಪುಟದಲ್ಲಿ ಹಿಡಿಸಲಿಕ್ಕಿಲ್ಲ.

ಅನ್ನಭಾಗ್ಯ ಇರುವಾಗ ಹಸಿವೆಲ್ಲಿದೆ ಎಂದು ಕೇಳುತ್ತಾರೆ. 2013ರಿಂದ ಆ ಅಕ್ಕಿ ಎಷ್ಟೋ ಮನೆಗಳನ್ನು ಕಾದಿದೆ, ಒಪ್ಪುತ್ತೇನೆ. ಆದರೆ ಅಕ್ಕಿಗೆ ಕಾರ್ಡು ಬೇಕು, ಕಾರ್ಡಿದ್ದರೂ ಬೇಯಿಸಲು ಒಲೆ ಬೇಕು. ಕಟ್ಟೆ ಮೇಲೆ ಮಲಗುವ ಮುದುಕಿ ಅಕ್ಕಿ ತಂದು ಏನು ಮಾಡಬೇಕು? ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿ ಊಟಕ್ಕೂ ಸೆರಗಿನಲ್ಲಿ ಹತ್ತು ರೂಪಾಯಿ ಇರಬೇಕಲ್ಲ. ಆಸ್ತಿ ತೆರಿಗೆ ಜೊತೆ ಭಿಕ್ಷುಕರ ಕರ ಕಟ್ಟುತ್ತೇವೆ ಎನ್ನುವವರೂ ಇದ್ದಾರೆ. ಆ ಹಣ 1975ರ ಕಾಯ್ದೆಯಂತೆ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಸಲ್ಲುತ್ತದೆ, ರಾತ್ರಿ ಊಟ ಹೊತ್ತು ತಿರುಗುವ ಸಂಘಕ್ಕಲ್ಲ.

ಕಷ್ಟಕಾಲದಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ಗಂಗಾವತಿ, ಕಾರಟಗಿ ಭತ್ತದ ನಾಡು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯವರು ಮಳೆ ಕೈಕೊಟ್ಟರೆ ಬೆಂಗಳೂರು, ಗೋವಾಕ್ಕೆ ಗುಳೆ ಹೋಗುತ್ತಾರೆ. 2023ರಲ್ಲಂತೂ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದಿದ್ದರೆ ನಾಟಿ, ಕಳೆಯ ಕೂಲಿಯೂ ಇಲ್ಲ. ಊರಲ್ಲುಳಿದ ವಯಸ್ಸಾದವರು ಕೈಚಾಚುವುದು ಅಂಥ ವರ್ಷವೇ, ದಾನ ಇಳಿಯುವುದೂ ಅಂಥ ವರ್ಷವೇ. ಕೊಡುವವರೂ ರೈತರು, ಅಡತಿ ಅಂಗಡಿಯವರು ತಾನೇ. ಪೇಟೆ ಬಿದ್ದರೆ ಅವರ ಕೈಯೂ ಬಿಗಿಯಾಗುತ್ತದೆ.

ಅದಕ್ಕೇ ಹೇಳುವುದು, ವರ್ಷಕ್ಕೊಮ್ಮೆ ಐದು ಸಾವಿರ ಕೊಟ್ಟು ಮರೆಯುವ ಬದಲು ತಿಂಗಳಿಗೆ ನಾನೂರು ತಪ್ಪದೆ ಕೊಡಿ. ಮುಂದಿನ ತಿಂಗಳು ಇಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಸಂಘದವರು ಗ್ಯಾಸ್ ಸಿಲಿಂಡರಿಗೆ, ಆಟೊ ಬಾಡಿಗೆಗೆ ಧೈರ್ಯವಾಗಿ ಮಾತು ಕೊಡಬಲ್ಲರು. ರಸೀದಿ ಕೇಳಿ ಪಡೆಯಿರಿ, ಲೆಕ್ಕ ತೋರಿಸದವರಿಗೆ ಕೊಡಬೇಡಿ. ಆಶ್ರಯ ಕೇಂದ್ರ ನಡೆಸುವವರಿಗಾದರೆ ಮೊದಲು ಫೋನ್ ಮಾಡಿ. ಚಾಪೆ, ಸೊಳ್ಳೆ ಪರದೆ, ಸೋಪು, ಹೆಂಗಸರಿಗೆ ಒಳ ಉಡುಪು, ಪ್ಯಾಡ್ ಯಾರಿಗೂ ನೆನಪಾಗುವುದಿಲ್ಲ. ಹಳೇ ಸೀರೆ ಮಾತ್ರ ಗಂಟುಗಟ್ಟಲೆ ಬರುತ್ತವೆ.

ಊಟವನ್ನೇ ಕೊಡುವ ಮನಸ್ಸಿದ್ದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕೊಡಿ. ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಹಲ್ಲಿಲ್ಲದವರಿಗೆ ಬಿಸಿ ಸಾರಿನಲ್ಲಿ ನೆನೆಸಿದರಾಯಿತು. ಇದನ್ನು ನನ್ನ ವ್ಯಾಪಾರಕ್ಕಾಗಿ ಹೇಳುತ್ತಿಲ್ಲ, ನಿಮ್ಮ ಮನೆಯಲ್ಲೇ ಬಡಿದು ಕೊಡಿ.

ತಮ್ಮಲ್ಲೂ ಒಂದು ವಿನಂತಿ. ಜಿಲ್ಲಾ ಪುಟದಲ್ಲಿ ಜಾತ್ರೆ, ಉರುಸಿನ ಪ್ರಕಟಣೆಗಳ ಪಕ್ಕ ವಾರಕ್ಕೊಮ್ಮೆ ನಾಲ್ಕು ಸಾಲು ಜಾಗ ಬಿಡಿ: ಯಾವ ಸಂಸ್ಥೆಗೆ ಈ ವಾರ ಏನು ಬೇಕು, ಏನು ಸಾಕಾಗಿದೆ ಎಂಬಷ್ಟೇ.

– ರೊಟ್ಟಿ ಕೇಂದ್ರ ನಡೆಸುವ ಓದುಗರು, ಕೊಪ್ಪಳ