ಆಯಿಲ್ ರಿಂಗ್ ಓಡುವ ಜಾಗವನ್ನೇ ಉಜ್ಜಿ ತೆಗೆದ ನಿಮ್ಮ ಪೋರ್ಟಿಂಗ್ ಕೆಲಸದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಎಂಜಿನ್ ಮಷೀನಿಂಗ್ ವಿಭಾಗ

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ "ಸೂಪರ್‌ವೈಸರ್ ಈಗಷ್ಟೇ ಹೊರಗೆ ಹೋದ್ರು, ಅವರೇ ಮಾಡ್ತಾರೆ" ಎನ್ನುವ ಉತ್ತರ ಕೇಳಿ ಸಾಕಾಗಿದೆ. ಅವರು ಮಾಡಲಿಲ್ಲ. ಇನ್ನು ನನ್ನ ವ್ಯವಹಾರವೆಲ್ಲ ಬರಹದಲ್ಲೇ.

ನಾನು ನಿಮಗೆ ಒಪ್ಪಿಸಿದ್ದು, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್‌ಗಳು ತಿರುಗುವ ಮಜ್ದಾ 12ಎ ರೋಟರಿ ಎಂಜಿನ್ನಿನ ಮೂರು ಎರಕದ ಕಬ್ಬಿಣದ ಪ್ಲೇಟುಗಳನ್ನು: ಮುಂದಿನದು, ನಡುವಿನದು, ಹಿಂದಿನದು. ಕೇಳಿದ್ದು ಸಾಧಾರಣ ಸ್ಟ್ರೀಟ್ ಪೋರ್ಟ್, ಅಂದರೆ ಪ್ಲೇಟಿನಲ್ಲಿ ಗಾಳಿ ಒಳಬರುವ ತೂತನ್ನು (ಪೋರ್ಟ್) ರಸ್ತೆಯ ಓಡಾಟಕ್ಕೆ ಹೊಂದುವಷ್ಟೇ, ನನ್ನ ಟೆಂಪ್ಲೇಟಿನ ಗೆರೆಯವರೆಗೆ ಉಜ್ಜಿ ಹಿಗ್ಗಿಸುವುದು. ಜಾಬ್ ಕಾರ್ಡಿನಲ್ಲಿ ನಾನು ಬರೆಸಿದ ಮಾತು ಹೀಗಿದೆ: "ಟೆಂಪ್ಲೇಟ್ ಗೆರೆ ದಾಟಬಾರದು. ಬ್ರಿಡ್ಜ್ ಪೋರ್ಟ್ ಬೇಡ. ಕಾರ್ಬ್ಯುರೇಟರ್ ಮೂಲದ್ದೇ ಇರುತ್ತದೆ." (ಬ್ರಿಡ್ಜ್ ಪೋರ್ಟ್ ಅಂದರೆ ಮೂಲ ತೂತಿನ ಪಕ್ಕದಲ್ಲಿ ಸೇತುವೆಯಂಥ ಲೋಹದ ಪಟ್ಟಿ ಬಿಟ್ಟು ಇನ್ನೊಂದು ತೂತು ಕೊರೆಯುವುದು.) ಕೆಳಗೆ ನಿಮ್ಮವರ ಸಹಿಯಿದೆ. ಅದೇ ಕಾರ್ಡಿನ ಹಿಂಬದಿಯಲ್ಲಿ, ಗ್ರಾಹಕರು ಕೊಟ್ಟ ಅಳತೆ ಮೀರಬೇಕಾದರೆ ಮೊದಲು ಲಿಖಿತ ಒಪ್ಪಿಗೆ ಪಡೆಯಲಾಗುವುದು ಎಂಬ ಷರತ್ತಿದೆ. ಆ ಷರತ್ತನ್ನು ಅಚ್ಚು ಹಾಕಿಸಿದ್ದು ನೀವು. ನನ್ನಿಂದ ಯಾರೂ ಒಪ್ಪಿಗೆ ಕೇಳಲಿಲ್ಲ.

ಗೆರೆಯ ಬಗ್ಗೆ ಅಷ್ಟು ಪಟ್ಟು ಹಿಡಿದದ್ದಕ್ಕೆ ಕಾರಣವಿದೆ. ಪಿಸ್ಟನ್ ಎಂಜಿನ್ನಿನಲ್ಲಿ ಗಾಳಿ ಯಾವಾಗ ಒಳಗೆ ಬರಬೇಕು, ಯಾವಾಗ ನಿಲ್ಲಬೇಕು ಎಂದು ಕ್ಯಾಮ್‌ಶಾಫ್ಟ್ ಹೇಳುತ್ತದೆ. ರೋಟರಿಯಲ್ಲಿ ಆ ಕೆಲಸವೆಲ್ಲ ಪ್ಲೇಟಿನ ತೂತಿನದು. ಅದರ ಅಂಚು ಎಲ್ಲಿದೆಯೋ ಅದೇ ಟೈಮಿಂಗ್. ಮುಚ್ಚುವ ಅಂಚನ್ನು ಮುಂದಕ್ಕೆ ಸರಿಸಿದಷ್ಟೂ ಪೋರ್ಟು ತಡವಾಗಿ ಮುಚ್ಚುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಬರುತ್ತದೆ, ಕೆಳಗೆ ಕಡಿಮೆಯಾಗುತ್ತದೆ. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕೆಂಬ ಕಂಪ್ಯೂಟರ್ ಲೆಕ್ಕ) ಬದಲಿಸಿ ಒಂದಷ್ಟು ಸಂಭಾಳಿಸಬಹುದು. ಕಾರ್ಬ್ಯುರೇಟರಿಗೆ ಆ ಅನುಕೂಲ ಇಲ್ಲ. ಅದರ ಕಿರಿದಾದ ಗಂಟಲಾದ ವೆಂಚುರಿಯಲ್ಲಿ ಗಾಳಿ ವೇಗವಾಗಿ ಹರಿದರಷ್ಟೇ ಅದು ಪೆಟ್ರೋಲ್ ಎಳೆಯುತ್ತದೆ. ನನ್ನದು ನಾಲ್ಕು ಬ್ಯಾರಲ್‌ನ (ನಾಲ್ಕು ಗಾಳಿ ಕೊಳವೆಗಳ) ನಿಕ್ಕಿ ಕಂಪನಿಯ ಕಾರ್ಬ್ಯುರೇಟರ್: ಪ್ರೈಮರಿ ಎರಡು ನಡುವಿನ ಪ್ಲೇಟಿಗೆ, ಸೆಕೆಂಡರಿ ಎರಡು ಮುಂದಿನ ಮತ್ತು ಹಿಂದಿನ ಪ್ಲೇಟುಗಳಿಗೆ. ಈ ಹೊಂದಾಣಿಕೆಯನ್ನೆಲ್ಲ ಲೆಕ್ಕ ಹಾಕಿ ಟೆಂಪ್ಲೇಟ್ ಮಾಡಿದ್ದೆ. ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳನ್ನೂ ಅದಕ್ಕೇ ಆರಿಸಿ ಇಟ್ಟಿದ್ದೆ.

ಪ್ಲೇಟುಗಳು ಕೈಗೆ ಬಂದಾಗ ಪೋರ್ಟಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪು ನಾನು ಕೇಳಿದ್ದಲ್ಲ. ಹಿಂದಿನ ಪ್ಲೇಟಿನ ಮುಖಕ್ಕೆ ಉಜ್ಜಿದ ಜಾಗ ತೋರಿಸುವ ನೀಲಿ ಬಣ್ಣ, ಮಾರ್ಕಿಂಗ್ ಬ್ಲೂ ಬಳಿದು, ಸ್ಟೇಷನರಿ ಗೇರ್ ಕೂರಿಸಿ, ಎಕ್ಸೆಂಟ್ರಿಕ್ ಶಾಫ್ಟಿನ ಮೇಲೆ ರೋಟರ್ ಇಟ್ಟು ತಿರುಗಿಸಿದೆ. ರೋಟರಿನ ಪಕ್ಕದಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ರಿಂಗ್ ಆ ನೀಲಿಯನ್ನು ಅಳಿಸಿದ ಗೆರೆ ನೇರ ಪೋರ್ಟಿನ ಬಾಯಿಯ ಮೇಲೆ ಹಾದುಹೋಗಿತ್ತು. ಒಳಅಂಚನ್ನು ಕೇಂದ್ರದ ಕಡೆಗೆ ಅಷ್ಟು ತಿಂದಿದ್ದಾರೆ. ಈ ಎಂಜಿನ್ ಓಡಿದರೆ ಪ್ರತಿ ಸುತ್ತಿನಲ್ಲೂ ಇನ್‌ಟೇಕ್ ಎಣ್ಣೆಯನ್ನು ಒಳಗೆ ಎಳೆಯುತ್ತದೆ. ನೀಲಿ ಹೊಗೆ ಬರುತ್ತದೆ, ಪ್ಲಗ್ ಕೆಡುತ್ತದೆ. ಮುಚ್ಚುವ ಅಂಚಿಗೆ ಬೆವೆಲ್ (ಚೂಪು ತೆಗೆದ ಇಳಿಜಾರು) ಕೂಡ ಕೊಟ್ಟಿಲ್ಲ. ರೋಟರಿನ ಪಕ್ಕದ ಮುಖದಲ್ಲಿರುವ ಸೈಡ್ ಸೀಲು ಆ ಚೂಪಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಯಿತು. ಮುಂದಿನ ಪ್ಲೇಟಿನ ಪೋರ್ಟಿಗೂ ಹಿಂದಿನದಕ್ಕೂ ಆಕಾರ ಹೊಂದುವುದಿಲ್ಲ, ಅಂದರೆ ಎರಡು ರೋಟರ್‌ಗಳಿಗೆ ಎರಡು ಬೇರೆ ಟೈಮಿಂಗ್!

ಇದನ್ನೆಲ್ಲ ತೋರಿಸಲು ಪ್ಲೇಟನ್ನು ನಿಮ್ಮ ಕೌಂಟರಿಗೆ ಹೊತ್ತು ತಂದೆ. ಅಲ್ಲಿ ನಡೆದದ್ದನ್ನು ನೀವು ಪೂರ್ತಿ ಓದಬೇಕು.

ಸೂಪರ್‌ವೈಸರ್ ಪ್ಲೇಟಿನ ಕಡೆ ನೋಡಲೇ ಇಲ್ಲ. ಫೋನಿನಲ್ಲಿ ಮಾತಾಡುತ್ತಲೇ "ಇರಿ" ಎಂದು ಒಂದು ಬೆರಳು ಎತ್ತಿದರು. ಮಾತು ಮುಗಿದ ಮೇಲೆ, "ಏನ್ ಸಾರ್, ಪೋರ್ಟ್ ದೊಡ್ಡದಾದ್ರೆ ಒಳ್ಳೇದೇ ಅಲ್ವಾ? ಜಾಸ್ತಿ ಗಾಳಿ, ಜಾಸ್ತಿ ಪವರ್" ಅಂದರು.

"ಆಯಿಲ್ ರಿಂಗ್ ಓಡೋ ದಾರಿ ಇದು. ನೋಡಿ, ನೀಲಿ ಅಳಿಸಿರೋ ಗೆರೆ ಪೋರ್ಟ್ ಮೇಲೇ ಬಂದಿದೆ" ಅಂದೆ.

"ರೋಟರಿ ಅಂದ್ಮೇಲೆ ಹೊಗೆ ಬರೋದೇ ಸಾರ್. ಅದು ಎಣ್ಣೆ ಕುಡಿಯೋ ಎಂಜಿನ್ನು."

ಅದು ಎಣ್ಣೆ ಕುಡಿಯುವುದು ನಿಜ, ಆದರೆ ಅಳೆದು ಕುಡಿಯುತ್ತದೆ ಎಂದೆ. ರೋಟರಿನ ಮೂಲೆಗಳಲ್ಲಿರುವ ಅಪೆಕ್ಸ್ ಸೀಲುಗಳಿಗೆ ಬೇಕಾದಷ್ಟನ್ನೇ ಮೀಟರಿಂಗ್ ಪಂಪು ಕಾರ್ಬ್ಯುರೇಟರಿಗೆ ಕಳಿಸುತ್ತದೆ, ರಿಂಗ್ ದಾಟಿ ಸೋರುವುದು ಬೇರೆ ಎಂದು ವಿವರಿಸುತ್ತಿದ್ದಂತೆ ಅವರು ಪಕ್ಕದವರ ಬಿಲ್ಲಿಗೆ ಸೀಲು ಒತ್ತುತ್ತಿದ್ದರು. ಆಗ ನನ್ನ ಬಿಲ್ ಮುಂದಿಟ್ಟು ಕೇಳಿದೆ: "ಇದ್ರಲ್ಲಿ ವಾಲ್ವ್ ಸೀಟ್ ಕಟಿಂಗ್ ಅಂತ ಯಾಕೆ ಹಾಕಿದೀರಿ?"

"ಅದು ಎಲ್ಲಾ ಎಂಜಿನ್ನಿಗೂ ಬರುತ್ತೆ ಸಾರ್."

"ಈ ಎಂಜಿನ್ನಿನಲ್ಲಿ ವಾಲ್ವೇ ಇಲ್ಲ."

ಅವರು ನನಗೆ ಉತ್ತರ ಕೊಡಲಿಲ್ಲ. ಹಿಂದೆ ನಿಂತವರ ಕಡೆ ತಿರುಗಿ, "ನೋಡಿ, ವಿಡಿಯೋ ನೋಡ್ಕೊಂಡು ಬಂದ್ಬಿಡ್ತಾರೆ, ನಮಗೇ ಪಾಠ ಹೇಳ್ತಾರೆ" ಅಂದರು. ಇಬ್ಬರು ನಕ್ಕರು. ಆಮೇಲೆ ಪ್ಲೇಟನ್ನು ಮುಖ ಕೆಳಗೆ ಮಾಡಿ ಲೋಹದ ಕೌಂಟರಿನ ಮೇಲೆ ನನ್ನತ್ತ ತಳ್ಳಿದರು. ಸೀಲುಗಳು ಉಜ್ಜುವ ಮುಖ ಅದು. ಆ ಮುಖ 0.04 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಬಳಸುವಂತಿಲ್ಲ. ಅದು ಕೌಂಟರಿನ ಮೇಲೆ ಕೆರೆದ ಸದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. "ಜಾಗ ಬಿಡಿ ಸಾರ್, ಹಿಂದೆ ಜನ ಇದಾರೆ" ಎಂದು ಕಳಿಸಿದರು. ಎರಕದ ಕಬ್ಬಿಣದ ಆ ಭಾರವನ್ನು ನಗುತ್ತಿದ್ದವರ ಮಧ್ಯೆಯೇ ಹೊತ್ತುಕೊಂಡು ಹೊರಬಂದೆ.

ವಾಲ್ವ್ ಇಲ್ಲದ ಎಂಜಿನ್ನಿಗೆ ವಾಲ್ವ್ ಸೀಟ್ ಕತ್ತರಿಸಿದ್ದೇವೆಂದು ಹಣ ಪಡೆದವರು ನೀವು. ಪಾಠ ಯಾರಿಗೆ ಬೇಕಿತ್ತು?

ಬೆಸುಗೆ ಹಾಕಿ ಸರಿಮಾಡಿಕೊಡುತ್ತೇವೆ ಎಂದು ಆಮೇಲೆ ನಿಮ್ಮ ಹುಡುಗನೊಬ್ಬ ಫೋನಿನಲ್ಲಿ ಹೇಳಿದ. ಅದು ಬೇಡವೇ ಬೇಡ. ಶಾಖಕ್ಕೆ ಎರಕದ ಕಬ್ಬಿಣ ಬಾಗುತ್ತದೆ, ಬಿರುಕೂ ಬಿಡುತ್ತದೆ. ಉಜ್ಜಿ ತೆಗೆದ ಲೋಹ ವಾಪಸ್ ಬರುವುದಿಲ್ಲ. ಮಜ್ದಾ ಆರ್‌ಎಕ್ಸ್-7 ಕಾರಿನಲ್ಲಿ 12ಎ ಬಂದದ್ದು 1985ರವರೆಗೆ. ಅಷ್ಟು ಹಳೆಯ ಎಂಜಿನ್ನಿನ ಬಿರುಕಿಲ್ಲದ, ತುಕ್ಕು ಹಿಡಿಯದ ಪ್ಲೇಟು ಹುಡುಕುವುದು ಎಷ್ಟು ಕಷ್ಟವೆಂದು ಈ ಕೆಲಸ ಮಾಡುವವರಿಗೆ ಗೊತ್ತಿರಬೇಕು. ನಾನು ಜೋಪಾನವಾಗಿ ಕಾಪಾಡಿಕೊಂಡು ಬಂದ ಪ್ಲೇಟುಗಳು ಅವು. ಈ ಕಾರು ಮತ್ತೆ ರಸ್ತೆಗಿಳಿಯಬೇಕು ಎಂಬ ಆಸೆಯೆಲ್ಲ ಅವುಗಳ ಮೇಲಿತ್ತು.

ಪೋರ್ಟಿಂಗಿಗೂ ಇಲ್ಲದ ವಾಲ್ವಿಗೂ ಪಡೆದ ಹಣ ಪೂರ್ತಿ ವಾಪಸ್ ಬರಬೇಕು. ಕೆಟ್ಟ ಪ್ಲೇಟುಗಳ ಬದಲು ಬಳಸಬಹುದಾದ 12ಎ ಪ್ಲೇಟುಗಳನ್ನು ನೀವೇ ಹುಡುಕಿ ಕೊಡಬೇಕು, ಇಲ್ಲವೇ ಅವುಗಳ ಬೆಲೆ ಕೊಡಬೇಕು. ನನ್ನ ಟೆಂಪ್ಲೇಟ್ ಇನ್ನೂ ನಿಮ್ಮಲ್ಲಿದೆ, ಅದನ್ನು ಬಾಗಿಸದೆ ಕಳಿಸಿ. ಕೌಂಟರಿನಲ್ಲಿ ನಡೆದದ್ದಕ್ಕೆ ಸೂಪರ್‌ವೈಸರ್ ಸಹಿ ಮಾಡಿದ ಕ್ಷಮಾಪಣೆಯೂ ಬೇಕು.

ಈ ತಿಂಗಳ ಕೊನೆಯೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ನಿಮ್ಮ ಸಹಿಯ ಜಾಬ್ ಕಾರ್ಡು, ಆ ಬಿಲ್ಲು, ಬ್ಲೂ ಬಳಿದ ಪ್ಲೇಟಿನ ಫೋಟೋ, ಬೇರೊಬ್ಬ ಮಷಿನಿಸ್ಟ್ ಅಳೆದು ಬರೆದುಕೊಟ್ಟ ವರದಿ ಎಲ್ಲವೂ ಸಿದ್ಧವಾಗಿವೆ. ಅಲ್ಲಿಯವರೆಗೂ ಸುಮ್ಮನೆ ಕೂರುವುದಿಲ್ಲ. ರೋಟರಿ ಕಾರಿನವರು ಸೇರುವ ಕಡೆಯೆಲ್ಲ ಆ ಹಿಂದಿನ ಪ್ಲೇಟನ್ನು ಹೊತ್ತೊಯ್ದು ಮೇಜಿನ ಮೇಲಿಡುತ್ತೇನೆ, ಪಕ್ಕದಲ್ಲಿ ನಿಮ್ಮ ಬಿಲ್ಲನ್ನೂ ಇಡುತ್ತೇನೆ. ಎರಡನ್ನೂ ನೋಡಿದ ಮೇಲೆ ಎಷ್ಟು ಜನ ತಮ್ಮ ಪ್ಲೇಟುಗಳನ್ನು ನಿಮ್ಮ ಕೈಗೆ ಕೊಡುತ್ತಾರೋ ನೋಡೋಣ.

ಇಂತಿ,
ಜಾಬ್ ಕಾರ್ಡಿನಲ್ಲಿ ಹೆಸರಿರುವ ಗ್ರಾಹಕ